ಹೊರಗಿನ ಬೋರ್ಡು, ಒಳಗಿನ ಬೋರ್ಡು

‘ಬೋರ್ಡು’ ಎಂಬ ಪದಕ್ಕೆ ಒಂದೇ ಒಂದು ಅರ್ಥ ಹೇಳಿ ಎಂದರೆ ನಮ್ಮ ಬೀದರ್ ಜಿಲ್ಲೆಯಲ್ಲಿ ಯಾರಿಗೂ ಆಗಲಿಕ್ಕಿಲ್ಲ. ಬಸ್ ನಿಲ್ದಾಣದಲ್ಲಿ ಅದು ಬಸ್ಸಿನ ಹಣೆಯ ಮೇಲಿನ ಊರ ಹೆಸರು. ‘ಬೋರ್ಡ್ ನೋಡಿ ಹತ್ರಿ’ ಎಂದು ಕಂಡಕ್ಟರ್ ಕೂಗುತ್ತಾನೆ. ಶಾಲೆಯೊಳಗೆ ಅದು ಕರಿಹಲಗೆ, ಶಾಲೆಯ ಹೊರಗೆ ನಾಮಫಲಕ. ಹತ್ತನೆಯ ತರಗತಿಯ ಹುಡುಗನಿಗೆ ಬೋರ್ಡು ಎಂದರೆ ಪರೀಕ್ಷೆ. ಮನೆಯ ಗೋಡೆಯಲ್ಲಿ ಸ್ವಿಚ್ ಬೋರ್ಡು, ಕಟ್ಟೆಯ ಮೇಲೆ ಕ್ಯಾರಂ ಬೋರ್ಡು, ಜಮೀನಿನ ತಕರಾರಿನಲ್ಲಿ ವಕ್ಫ್ ಬೋರ್ಡು. ಕರೆಂಟು ಹೋದರೆ ಹಳ್ಳಿಯಲ್ಲಿ ಇವತ್ತಿಗೂ ಬೈಗುಳ ತಿನ್ನುವುದು ‘ಕೆ.ಇ.ಬಿ.’. ಆ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲೇ ನಿಗಮವಾಯಿತು, ಆಮೇಲೆ ನಮ್ಮ ಭಾಗಕ್ಕೆ ಜೆಸ್ಕಾಂ ಬಂತು. ಆದರೆ ಜನರ ಬಾಯಲ್ಲಿ ಕೊನೆಯ ‘ಬಿ’, ಅಂದರೆ ಬೋರ್ಡು, ಹಾಗೇ ಉಳಿದಿದೆ. ಊರಿಗೆ ಹೊಸ ರಸ್ತೆಯೋ ಶಾಲಾ ಕೋಣೆಯೋ ಬಂದರೆ ‘ಬೋರ್ಡಿನ ದುಡ್ಡು’ ಎನ್ನುತ್ತಾರೆ. ಅದು ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ.

ಇಷ್ಟೊಂದು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಹೇಗೆ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಇಂಗ್ಲಿಷ್ ನಿಘಂಟಿನಿಂದ ಹೊರಟ ನಾನು ಭಾಲ್ಕಿಯ ಮಠದ ಬಾಗಿಲಿಗೆ ಬಂದು ನಿಂತೆ. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಯಾಕೆಂದರೆ ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಕೋಟೆ, ಸುಲ್ತಾನ, ಯುದ್ಧಗಳನ್ನು ಬರೆದಿದ್ದಾರೆ. ಬೋರ್ಡಿನ ಚರಿತ್ರೆ ಬರೆದವರು ಕಡಿಮೆ. ಆದರೆ ಗಡಿನಾಡಿನಲ್ಲಿ ಬೋರ್ಡು ಸಣ್ಣ ವಿಷಯವಲ್ಲ.

ಮೊದಲು ಪದದ ಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಕೊಯ್ದ ಮರದ ಹಲಗೆ, ಅಷ್ಟೇ. ಹಲಗೆಗೆ ಕಾಲು ಹಚ್ಚಿದರೆ ಮೇಜು, ಹೀಗಾಗಿ ಮೇಜಿಗೂ ಬೋರ್ಡ್ ಎಂದರು. ಮೇಜಿನ ಮೇಲೆ ಊಟ ಬಡಿಸುತ್ತಾರೆ, ಹೀಗಾಗಿ ಊಟಕ್ಕೂ ಬೋರ್ಡ್ ಎಂದರು. ನಮ್ಮ ಪೇಟೆಗಳಲ್ಲಿ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬರೆದುಕೊಂಡ ಹೋಟೆಲುಗಳಲ್ಲಿ ಲಾಡ್ಜಿಂಗ್ ಎಂದರೆ ವಸತಿ, ಬೋರ್ಡಿಂಗ್ ಎಂದರೆ ಊಟ. ಅದೇ ಮೇಜಿನ ಸುತ್ತ ನಾಲ್ಕು ಮಂದಿ ದೊಡ್ಡವರು ಕೂತು ತೀರ್ಮಾನ ಮಾಡಿದರೆ ಆ ಕೂಟವೂ ಬೋರ್ಡ್. ದಿಲ್ಲಿಯ ರೈಲ್ವೆ ಬೋರ್ಡಿನಿಂದ ಹಿಡಿದು ಪರೀಕ್ಷಾ ಮಂಡಳಿಯವರೆಗೆ ಎಲ್ಲವೂ ಹುಟ್ಟಿದ್ದು ಈ ಮೇಜಿನಿಂದ. ಮರದ ತುಂಡಾಗಿದ್ದದ್ದು ಅನ್ನವಾಯಿತು, ಅಧಿಕಾರವೂ ಆಯಿತು.

ಇನ್ನೊಂದು ಕವಲೂ ಇದೆ. ಹಡಗಿನ ಪಕ್ಕೆಗೂ ಅಂಚಿಗೂ ಇದೇ ಪದವಿತ್ತು. ಹಡಗು ಹತ್ತುವುದು, ವಿಮಾನ ಹತ್ತುವುದು ‘ಬೋರ್ಡಿಂಗ್’ ಆದದ್ದು ಅಲ್ಲಿಂದ. ಅಂಚು ಎಂಬ ಅರ್ಥದ ಆ ಮೂಲಪದವೇ ಫ್ರೆಂಚಿಗೆ ಹೋಗಿ ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಇನ್ನೊಮ್ಮೆ ಬಂತು. ಆಗ ಅದರ ಹೆಸರು ‘ಬಾರ್ಡರ್’. ಬೋರ್ಡು ಮತ್ತು ಬಾರ್ಡರು ಒಂದೇ ಮನೆತನದವು ಎಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಔರಾದ. ಅಲ್ಲಿಗೆ ಆಮೇಲೆ ಬರುತ್ತೇನೆ.

ಹಲಗೆಯೊಂದು ಅಧಿಕಾರವಾಗುವ ಈ ಕತೆ ಇಂಗ್ಲಿಷರದ್ದು ಮಾತ್ರವಲ್ಲ. ನಮ್ಮ ಜಿಲ್ಲೆಯಲ್ಲಿ ಓಡಾಡುವ ಮೂರು ನಾಲ್ಕು ಭಾಷೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಸಂಸ್ಕೃತದ ‘ಫಲಕ’ ಕನ್ನಡದಲ್ಲಿ ತದ್ಭವವಾಗಿ ‘ಹಲಗೆ’ಯಾಯಿತು ಎಂದು ವ್ಯಾಕರಣದ ಪುಸ್ತಕಗಳು ಹೇಳುತ್ತವೆ. ಮರಾಠಿಯಲ್ಲಿ ಅದೇ ಬಳಗದ ‘ಫಳಾ’ ಇಂದಿಗೂ ಶಾಲೆಯ ಕರಿಹಲಗೆ. ಉರ್ದು ಶಾಲೆಯಲ್ಲಿ ಕಲಿತ ಹಿರಿಯರು ಕರಿಹಲಗೆಗೆ ‘ತಖ್ತಾ-ಎ-ಸಿಯಾ’ ಎನ್ನುತ್ತಾರೆ. ಅಕ್ಷರ ತಿದ್ದುವ ಮಗುವಿನ ಕೈಯ ಸಣ್ಣ ಹಲಗೆ ‘ತಖ್ತಿ’. ಫಾರಸಿಯಿಂದ ಬಂದ ಈ ‘ತಖ್ತಾ’ದ ಒಡಹುಟ್ಟು ‘ತಖ್ತ್’, ಅಂದರೆ ಸಿಂಹಾಸನ. ಬೀದರ್ ಕೋಟೆಯೊಳಗೆ ತಖ್ತ್ ಮಹಲ್ ಎಂಬ ಅರಮನೆಯ ಅವಶೇಷವಿದೆ. ಅದರ ಗೋಡೆಯ ಬಣ್ಣದ ಹಂಚಿನಲ್ಲಿ ಹುಲಿ ಮತ್ತು ಸೂರ್ಯನ ಗುರುತು ಈಗಲೂ ಕಾಣುತ್ತದೆ. ಕೋಟೆಯಲ್ಲಿ ಸುಲ್ತಾನ ಕೂತದ್ದು ತಖ್ತ್, ಪೇಟೆಯ ಮಗು ಅಕ್ಷರ ಬರೆದದ್ದು ತಖ್ತಿ. ಸರ್ಕಾರ ಉರುಳಿದರೆ ‘ತಖ್ತಾ ಪಲಟ್’ ಎನ್ನುತ್ತಾರೆ, ಹಲಗೆ ಮಗುಚಿತು ಎಂದು. ನಮ್ಮ ಜಿಲ್ಲೆಯಲ್ಲಿ ಹಲಗೆ ಹಲವು ಸಲ ಮಗುಚಿದೆ.

ಬರೆದ ಫಲಕ ಇಲ್ಲಿಗೆ ಹೊಸದೇನೂ ಅಲ್ಲ. ಹುಮನಾಬಾದ ಸಮೀಪದ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬೇರೆ ಗುಡಿಗಳಲ್ಲಿ ಅಂಥವರು ಕನ್ನಡಿ ಹಿಡಿದಿರುತ್ತಾರೆ ಅಥವಾ ಕುಣಿಯುತ್ತಿರುತ್ತಾರೆ. ಇವಳು ಬರೆಯುತ್ತಿದ್ದಾಳೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲುಗಳು ಅವಳ ಕೈಯ ತುದಿಯಲ್ಲಿವೆ. ನಮ್ಮ ಜಿಲ್ಲೆಯ ಹಳೆಯ ಬೋರ್ಡುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಇದು. ಬೋರ್ಡಿನ ಜೊತೆಗೆ ಬರೆದವಳೂ ನಿಂತಿರುವುದು ಇಲ್ಲಿ ಮಾತ್ರ.

ಇನ್ನೊಂದು ಬೀದರ್ ಪಟ್ಟಣದ ನಡುವೆಯೇ ಇದೆ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ. ಇರಾನಿನ ಕಡೆಯಿಂದ ಬಂದ ಆತ ತನ್ನ ನಾಡಿನ ಮಾದರಿಯಲ್ಲೇ ಮೂರು ಅಂತಸ್ತಿನ ವಿದ್ಯಾಲಯ ಕಟ್ಟಿಸಿ, ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಹಂಚು ಹೊದಿಸಿ, ಮೇಲೆ ಕುರ್‌ಆನಿನ ವಚನವನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ. ಅದರ ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವು ಎಂಬುದು ಪ್ರಸಿದ್ಧ. ಗವಾನನನ್ನು 1481ರಲ್ಲಿ ಸುಲ್ತಾನನೇ ಸುಳ್ಳು ಆರೋಪವನ್ನು ನಂಬಿ ಕೊಲ್ಲಿಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಒಳಗೆ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಉರುಳಿತು. ಇವತ್ತು ಅರ್ಧ ಅಕ್ಷರ ಉಳಿದಿವೆ, ಓದುವ ಹುಡುಗರು ಇಲ್ಲ. ಅದರ ಮುಂದೆ ಪುರಾತತ್ವ ಇಲಾಖೆಯ ಬೋರ್ಡು ನಿಂತು, ಇದು 1958ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕ, ಹಾಳು ಮಾಡಿದರೆ ದಂಡ ಎಂದು ಹೇಳುತ್ತದೆ. ವಿದ್ಯಾಲಯವೊಂದರಲ್ಲಿ ಹೊರಗಿನ ಬರಹ ಉಳಿದು ಒಳಗಿನ ಪಾಠ ಹೋದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ನಿಂತವರೆಲ್ಲ ನೋಡಬಹುದು.

ಈಗ ಇದಕ್ಕೆ ತದ್ವಿರುದ್ಧವಾದ ಕತೆಗೆ ಬರೋಣ. ಅದು ಬೀದರಿನಿಂದ ಸುಮಾರು 40 ಕಿಲೋಮೀಟರ್ ದೂರದ ಭಾಲ್ಕಿಯದು.

1724ರ ನಂತರ ನಮ್ಮ ಭಾಗ ಹೈದರಾಬಾದಿನ ಅಸಫ್‌ಜಾಹಿ ಮನೆತನದ ಆಡಳಿತಕ್ಕೆ ಬಂತು. ಬಹಳ ಕಾಲ ಅಲ್ಲಿನ ಕಚೇರಿಯ ಭಾಷೆ ಫಾರಸಿ. 1884ರಲ್ಲಿ ಆ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಬೋಧನೆಯ ಮಾಧ್ಯಮವೂ ಉರ್ದುವೇ. ಒಂದು ಭಾರತೀಯ ಭಾಷೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕೂಡ ಕಲಿಸಿ ತೋರಿಸಿದ ಆ ಸಾಹಸ ಸಣ್ಣದಲ್ಲ. ಆದರೆ ರಾಜ್ಯದ ಬಹುಪಾಲು ಜನ ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಆ ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೈದರಾಬಾದಿನ ಕಾಗದದ ನೋಟಿನ ಮೇಲೆ ಉರ್ದುವಿನ ಜೊತೆ ಮೌಲ್ಯವನ್ನು ಕನ್ನಡದಲ್ಲೂ ಮುದ್ರಿಸುತ್ತಿದ್ದರು. ಅಂದರೆ ದುಡ್ಡು ಎಣಿಸುವಾಗ ಕನ್ನಡ ನಡೆಯುತ್ತಿತ್ತು, ಕಚೇರಿಗೆ ಅರ್ಜಿ ಕೊಡುವಾಗ ನಡೆಯುತ್ತಿರಲಿಲ್ಲ. ಖಾಸಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಪರವಾನಗಿ ಬೇಕು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ.

ಈ ಕಾಲದಲ್ಲಿ ಭಾಲ್ಕಿ ಹಿರೇಮಠದಲ್ಲಿದ್ದವರು ಚನ್ನಬಸವ ಪಟ್ಟದ್ದೇವರು. ಹಿಂದೆ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದವರು. ನೂರು ವರ್ಷ ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಅವರ ಬಗ್ಗೆ ನಮ್ಮ ಜಿಲ್ಲೆಯ ಸಣ್ಣ ಮಗುವಿಗೂ ಗೊತ್ತಿರುವ ಒಂದು ಸಂಗತಿ ಇದೆ. ನಿಜಾಮನ ಆಡಳಿತದಲ್ಲಿ ಅವರು ನಡೆಸಿದ ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ.

ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲೂ ಈ ಮಾತು ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಸರ್ಕಾರದ ಕಣ್ಣಿಗೆ ಮಣ್ಣೆರಚಿದ ಜಾಣತನದ ಕತೆಯಾಗಿ ಅದನ್ನು ಹೇಳುತ್ತಾರೆ. ನಾನೂ ಬಹಳ ಸಲ ಹಾಗೇ ಕೇಳಿದ್ದೇನೆ. ಆದರೆ ‘ಬೋರ್ಡು’ ಎಂಬ ಪದದ ಅರ್ಥಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆ ಆ ಕತೆಯಲ್ಲಿ ಜಾಣತನಕ್ಕಿಂತ ದೊಡ್ಡದೊಂದು ಕಾಣಿಸಿತು.

ಆ ಶಾಲೆಯಲ್ಲಿ ಇದ್ದದ್ದು ಒಂದು ಬೋರ್ಡಲ್ಲ, ಮೂರು. ಬಾಗಿಲ ಮೇಲಿನದು ಒಂದು. ಮಕ್ಕಳ ಕಣ್ಣೆದುರಿನ ಕರಿಹಲಗೆ ಇನ್ನೊಂದು. ಮೂರನೆಯದು ಅವರ ಊಟ. ಶಾಲೆಯ ಜೊತೆಗೆ ಪಟ್ಟದ್ದೇವರು ಪ್ರಸಾದ ನಿಲಯವನ್ನೂ ನಡೆಸಿದರು. ಅನಾಥ ಮಕ್ಕಳನ್ನು, ದೂರದ ಹಳ್ಳಿಯ ಬಡಮಕ್ಕಳನ್ನು ಮಠದಲ್ಲಿ ಇಟ್ಟುಕೊಂಡು ಸಾಕಿದರು, ಭಿಕ್ಷೆ ಎತ್ತಿ ಅವರಿಗೆ ಉಣಿಸಿದರು. ಉತ್ತರ ಕರ್ನಾಟಕದ ಹಿರಿಯರು ಇಂಥ ಪ್ರಸಾದ ನಿಲಯಗಳನ್ನು ಇವತ್ತಿಗೂ ‘ಫ್ರೀ ಬೋರ್ಡಿಂಗ್’ ಎನ್ನುತ್ತಾರೆ. ‘ನಾನು ಫ್ರೀ ಬೋರ್ಡಿಂಗ್‌ನಾಗ ಓದಿದಾಂವ’ ಎಂದು ಹೆಮ್ಮೆಯಿಂದ ಹೇಳುವ ಮೇಷ್ಟ್ರುಗಳು, ವಕೀಲರು ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ನಾಮಫಲಕ, ಕರಿಹಲಗೆ, ಅನ್ನ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ. ಈ ಮೂರರಲ್ಲಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಬಾರದು ಎಂಬ ತೀರ್ಮಾನ ಪಟ್ಟದ್ದೇವರಿಗೆ ಸ್ಪಷ್ಟವಾಗಿತ್ತು. ಬಾಗಿಲ ಬೋರ್ಡನ್ನು ಬಿಟ್ಟುಕೊಟ್ಟರು. ಕರಿಹಲಗೆಯನ್ನೂ ಅನ್ನವನ್ನೂ ಬಿಡಲಿಲ್ಲ.

ರಸ್ತೆಯಲ್ಲಿ ಹೋಗುವ ಅಧಿಕಾರಿಗೆ ಅದು ಉರ್ದು ಶಾಲೆ, ಒಳಗೆ ಕೂತ ಮಗುವಿಗೆ ಕನ್ನಡ ಶಾಲೆ. ಮಗು ಬೋರ್ಡಿನ ಕೆಳಗೆ ನಿಲ್ಲುವುದು ಒಂದು ಕ್ಷಣ. ಕರಿಹಲಗೆಯ ಮುಂದೆ ಕೂರುವುದು ವರ್ಷಗಟ್ಟಲೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಕತೆಯಲ್ಲಿ ಉರ್ದು ಖಳನಾಯಕನಲ್ಲ. ಬಹಮನಿಗಳ ಕಾಲದಲ್ಲಿ ದಖನಿ ಬೆಳೆದದ್ದು ಈ ಮಣ್ಣಿನಲ್ಲೇ. ಬೀದರಿನ ಸಂತೆಯಲ್ಲಿ, ಬಿದರಿ ಕೆಲಸದ ಕಾರ್ಖಾನೆಯಲ್ಲಿ, ದರ್ಗಾದ ಅಂಗಳದಲ್ಲಿ ಇವತ್ತು ಅದು ಜನರ ಮಾತು. ಕನ್ನಡಕ್ಕಾಗಿ ದುಡಿದವರೂ ಅದನ್ನು ಹಗೆಯೆಂದು ಕಾಣಲಿಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ ಇಟ್ಟ ಹೆಸರೇ ‘ಹಮ್‌ದರ್ದ್’. ನೋವಿನಲ್ಲಿ ಜೊತೆಗಿರುವವ ಎಂದು ಅದರ ಅರ್ಥ. ತೊಂದರೆ ಇದ್ದದ್ದು ಭಾಷೆಯಲ್ಲಲ್ಲ, ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕು ಎಂಬುದನ್ನು ಮಗುವಿನ ಮನೆಯನ್ನು ನೋಡದೆ ಕಚೇರಿಯ ಮೇಜಿನ ಮೇಲೆ ತೀರ್ಮಾನಿಸಿದ್ದರಲ್ಲಿ. ಆ ಮೇಜೂ ಒಂದು ಬೋರ್ಡೇ ತಾನೆ?

ಇನ್ನು ‘ಪಟ್ಟದ್ದೇವರು’ ಎಂಬ ಹೆಸರು. ಸಂಸ್ಕೃತದ ‘ಪಟ್ಟ’ ಎಂಬ ಪದಕ್ಕೆ ಚಪ್ಪಟೆ ಫಲಕ, ಬರೆಯುವ ಹಲಗೆ, ರಾಜಶಾಸನದ ತಗಡು, ಅರಸನ ಹಣೆಗೆ ಕಟ್ಟುವ ಪಟ್ಟಿ, ಸಿಂಹಾಸನ ಎಂಬ ಅರ್ಥಗಳೆಲ್ಲ ಇವೆ. ನಾವು ಪಟ್ಟಾಭಿಷೇಕ ಎನ್ನುವುದೂ ತಾಮ್ರಪಟ್ಟ ಎನ್ನುವುದೂ ಹಣೆಪಟ್ಟಿ ಎನ್ನುವುದೂ ಅಲ್ಲಿಂದಲೇ. ತಖ್ತ್-ತಖ್ತಾಗಳ ಹಾಗೆ ಇಲ್ಲೂ ಗದ್ದುಗೆ ಮತ್ತು ಹಲಗೆ ಒಂದೇ ಪದದಲ್ಲಿ ಕೂತಿವೆ. ಮಠದ ಪಟ್ಟ ಎಂದರೆ ಗದ್ದುಗೆ. ಅದನ್ನು ಮಕ್ಕಳ ಬರೆಯುವ ಹಲಗೆಯ ಹತ್ತಿರಕ್ಕೆ ತಂದವರು ಇವರು.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದಿನ ತಖ್ತಾ ಮಗುಚಿತು. ಆಗಲೂ ನಮ್ಮ ಕಚೇರಿಯ ಬೋರ್ಡುಗಳು ಒಂದೇ ದಿನಕ್ಕೆ ಕನ್ನಡವಾಗಲಿಲ್ಲ. ಬೀದರ್ ಇನ್ನೂ ಎಂಟು ವರ್ಷ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಇವತ್ತು ಅವು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ನಾರಾಯಣಖೇಡ ಮತ್ತು ಜಹೀರಾಬಾದ ಕಡೆಯ ಭಾಗ ಆಂಧ್ರಕ್ಕೆ ಹೋಗಿ ಈಗ ತೆಲಂಗಾಣದಲ್ಲಿದೆ. ಬೀದರ್, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಒಂದೇ ಜಿಲ್ಲಾ ಕಚೇರಿಗೆ ಅರ್ಜಿ ಹಿಡಿದು ಬರುತ್ತಿದ್ದ ನೆಂಟರಿಷ್ಟರು ಮೂರು ರಾಜಧಾನಿಗಳ ಕಡೆ ಮುಖ ಮಾಡಿದರು. ಊರುಗಳು ಇದ್ದಲ್ಲೇ ಇದ್ದವು, ಬೋರ್ಡು ಬದಲಾಯಿತು.

ಇದು ಚೆನ್ನಾಗಿ ಕಾಣುವುದು ಔರಾದದಲ್ಲಿ. ಕರ್ನಾಟಕದ ನಕ್ಷೆಯ ನೆತ್ತಿಯ ಮೇಲಿರುವ ತಾಲೂಕು ಅದು. ಒಂದು ಕಡೆ ಮಹಾರಾಷ್ಟ್ರದ ದೇಗಲೂರ, ಉದಗೀರ, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. ಔರಾದ ಎಂಬ ಹೆಸರೇ ಅಲ್ಲಿ ಒಂದಲ್ಲ. ಗಡಿಯಾಚೆ ನಿಲಂಗಾ ತಾಲೂಕಿನಲ್ಲಿ ಔರಾದ ಶಹಾಜಾನಿ ಇದೆ. ಹೀಗಾಗಿ ನಮ್ಮ ಔರಾದದ ಮುಂದೆ ಆವರಣದಲ್ಲಿ ‘ಬಿ’ ಎಂದೋ ‘ಬಾ’ ಎಂದೋ ಸೇರಿಸಿ ಬರೆಯುತ್ತಾರೆ. ಜಿಲ್ಲೆಯ ಎಷ್ಟೋ ಹಳ್ಳಿಗಳಿಗೆ ಇಂಥ ಒಂದಕ್ಷರದ ಬಾಲವಿದೆ. ಹೊರಗಿನಿಂದ ಬಂದ ಮೇಷ್ಟ್ರಿಗೆ, ಬ್ಯಾಂಕಿನ ನೌಕರನಿಗೆ ಮೊದಮೊದಲು ಇದು ಒಗಟು. ಬಸ್ಸಿನ ಬೋರ್ಡಿನಲ್ಲಿ ಆ ಒಂದಕ್ಷರ ಅಳಿಸಿಹೋಗಿದ್ದರೆ ಬೇರೆಯದೇ ಊರಿನಲ್ಲಿ ಇಳಿಯಬೇಕಾದೀತು.

ಔರಾದದ ಕಡೆಯ ಜನ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಉರ್ದು ಬೆರೆಸಿ ಮಾತಾಡುತ್ತಾರೆ. ಎಷ್ಟೋ ಮನೆಯಲ್ಲಿ ಸೊಸೆ ಉದಗೀರದವಳು, ಮಗಳನ್ನು ಕೊಟ್ಟದ್ದು ದೇಗಲೂರಕ್ಕೆ. ಗಡಿ ದಾಟಿದ್ದು ಗೊತ್ತಾಗುವುದು ರಸ್ತೆ ಬದಿಯ ಬೋರ್ಡಿನ ಲಿಪಿ ಬದಲಾದಾಗ. ಹೊಲ ಅದೇ, ತೊಗರಿ ಅದೇ, ಸೋಯಾ ಅದೇ, ಕಪ್ಪು ಮಣ್ಣು ಅದೇ. ಬೋರ್ಡಿಗೂ ಬಾರ್ಡರಿಗೂ ಇರುವ ನೆಂಟಸ್ತಿಕೆಯನ್ನು ನಿಘಂಟಿಲ್ಲದೆ ಅರಿಯಬೇಕಾದರೆ ಆ ರಸ್ತೆಯಲ್ಲಿ ಒಮ್ಮೆ ಬಸ್ಸಿನಲ್ಲಿ ಹೋಗಬೇಕು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಮೇಲೆ ಮಹಾರಾಷ್ಟ್ರ ತನ್ನ ಹಕ್ಕು ಹೇಳುತ್ತಲೇ ಬಂದಿದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟರೂ ವಿವಾದ ತೀರಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಂಥ ಜಾಗದಲ್ಲಿ ಒಂದು ಬೋರ್ಡಿಗೆ ಮಸಿ ಬಳಿದರೆ ಅದು ಸುದ್ದಿಯಾಗುತ್ತದೆ.

ಮೈಸೂರು ರಾಜ್ಯಕ್ಕೆ ಬಂದ ಮೇಲೆ ನಮ್ಮ ಊರುಗಳಿಗೆ ಬೋರ್ಡಿನ ಇನ್ನೊಂದು ಅರ್ಥ, ಅಂದರೆ ಮಂಡಳಿ, ಸಾಲುಸಾಲಾಗಿ ಬಂತು. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1959ರ ಕಾಯ್ದೆಯಿಂದ ತಾಲೂಕು ಅಭಿವೃದ್ಧಿ ಮಂಡಳಿಗಳು ಬಂದವು. ‘ತಾಲೂಕು ಬೋರ್ಡಿನ ಮೆಂಬರ್’ ಎಂದರೆ ಆಗ ಹಳ್ಳಿಯಲ್ಲಿ ದೊಡ್ಡ ಮಾತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು, ಹತ್ತನೆಯ ತರಗತಿಯ ಮಕ್ಕಳ ಎದೆಯಲ್ಲಿ ಆ ಪದ ಹೆದರಿಕೆಯಾಗಿ ಕೂತಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಸೇರಿದಾಗ ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಎಂಬ ಮಾತು ಸಂವಿಧಾನದೊಳಗೇ ಬಂತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು, ಮಂಡಳಿಯ ಹೆಸರೂ ಬದಲಾಯಿತು. ಈ ಬೋರ್ಡಿನ ದುಡ್ಡಿನಲ್ಲಿ ಕಟ್ಟಿದ ಶಾಲಾ ಕೋಣೆಯ ಗೋಡೆಯ ಮೇಲೆ ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರರ ವಿವರವಿರುವ ಇನ್ನೊಂದು ಬೋರ್ಡು. ಅದೇ ಕೋಣೆಯ ಒಳಗೆ ಪಾಠದ ಬೋರ್ಡು. ಹೊರಗೆ ಬರೆದ ಮೊತ್ತಕ್ಕೆ ತಕ್ಕ ಪಾಠ ಒಳಗೆ ನಡೆಯುತ್ತಿದೆಯೇ ಎಂಬ ಪ್ರಶ್ನೆ ಯಾವ ಬೋರ್ಡಿನ ಮೇಲೂ ಬರೆದಿರುವುದಿಲ್ಲ.

ನನಗೆ ಈ ಪ್ರಬಂಧ ಬರೆಯಬೇಕು ಅನ್ನಿಸಿದ್ದು ಇಲ್ಲಿಯೇ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2023ರಲ್ಲಿ ಬಂತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ದೊಡ್ಡ ಹೋರಾಟ ನಡೆಯಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಅಂಗಡಿ, ಸಂಸ್ಥೆಗಳ ಬೋರ್ಡಿನಲ್ಲಿ ಶೇ. 60ರಷ್ಟು ಜಾಗ ಕನ್ನಡಕ್ಕಿರಬೇಕು, ಅದೂ ಮೇಲ್ಭಾಗದಲ್ಲಿ ಎಂದಾಯಿತು. ಬೀದರಿನ ಪೇಟೆಯಲ್ಲೂ ಹಳೆಯ ಬೋರ್ಡುಗಳು ಇಳಿದು ಹೊಸವು ಏರಿದವು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಒಮ್ಮೊಮ್ಮೆ ಉರ್ದು. ಕುಂಚದಿಂದ ಬರೆಯುವ ಪೇಂಟರುಗಳ ಕಾಲ ಮುಗಿದಿರುವುದರಿಂದ ಎಲ್ಲವೂ ಫ್ಲೆಕ್ಸು. ಒತ್ತಕ್ಷರ ತಪ್ಪಿದ ಕನ್ನಡವೂ ಅಲ್ಲಿ ಬೇಕಾದಷ್ಟು ಕಾಣುತ್ತದೆ. ಕಾಯ್ದೆ ಬೇಡವೆಂದು ನಾನು ಹೇಳುವುದಿಲ್ಲ. ತನ್ನ ಭಾಷೆಯ ಬೋರ್ಡು ಹಚ್ಚಲಾಗದ ಕಾಲವನ್ನು ಕಂಡ ಜಿಲ್ಲೆಯವರಿಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಾಗಿಲ ಮೇಲೆ ತನ್ನ ಅಕ್ಷರ ಕಂಡರೆ ಒಳಗೆ ಹೋಗಲು ಮನುಷ್ಯನಿಗೆ ಧೈರ್ಯ ಬರುತ್ತದೆ.

ಆದರೆ ಭಾಲ್ಕಿಯ ಶಾಲೆ ತಲೆಕೆಳಗಾದಂತೆ ಕಾಣುವ ಕಡೆಗಳೂ ಇವತ್ತು ಕಡಿಮೆಯಿಲ್ಲ. ಬಾಗಿಲ ಮೇಲೆ ಬಸವಾದಿ ಶರಣರದ್ದೋ ಕನ್ನಡದ ಕವಿಯದ್ದೋ ಹೆಸರು, ಕನ್ನಡದಲ್ಲೇ. ಒಳಗಿನ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಆ ಭಾಷೆಯ ಒಂದು ಮಾತೂ ಕೇಳದ ಮಗು ಅಲ್ಲಿ ಕೂತು ಬೋರ್ಡನ್ನು ನೋಡಿ ಬರೆದುಕೊಳ್ಳುತ್ತದೆ, ಓದಿ ಅರ್ಥ ಮಾಡಿಕೊಳ್ಳುವುದಿಲ್ಲ. ಆ ಮಗುವಿನ ತಂದೆ ತಾಯಿಯನ್ನು ದೂರುವ ಹಕ್ಕು ನನಗಿಲ್ಲ. ಕೂಲಿ ಮಾಡಿ ಫೀ ಕಟ್ಟುವ ಅವರು ನೋಡುತ್ತಿರುವುದು ಹೈದರಾಬಾದು, ಪುಣೆ, ಬೆಂಗಳೂರಿನ ನೌಕರಿಯನ್ನು. ಗಡಿಯ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಹಳೆಯ ದೂರು. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ಬಂದಾಗ ಬೀದರನ್ನು ಕೆಳಗಿನಿಂದ ಹುಡುಕುವ ಅಭ್ಯಾಸ ನಮಗೆ ಆಗಿಹೋಗಿದೆ. ಈಗ ಕೆಲವು ಶಾಲೆಗೆ ಸ್ಮಾರ್ಟ್ ಬೋರ್ಡು ಬಂದಿದೆ. ಆ ಬೋರ್ಡು ಎಷ್ಟೇ ಜಾಣನಾದರೂ ಅದರ ಮುಂದೆ ನಿಂತು ಮಗುವಿನ ಮಾತಿನಲ್ಲಿ ಬಿಡಿಸಿ ಹೇಳುವವರು ಒಬ್ಬರು ಬೇಕು.

ಉರ್ದು, ಮರಾಠಿ ಮನೆಮಾತಿನ ಮಕ್ಕಳ ವಿಷಯವನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಔರಾದ, ಭಾಲ್ಕಿಯ ಹಳ್ಳಿಗಳಲ್ಲಿ ಮರಾಠಿ ಶಾಲೆಗಳಿವೆ, ಬೀದರಿನಲ್ಲಿ ಉರ್ದು ಶಾಲೆಗಳಿವೆ. ಅವುಗಳ ಹೊರಗೆ ಇವತ್ತು ಕನ್ನಡದ ಬೋರ್ಡು ಇರುತ್ತದೆ, ಒಳಗೆ ಅವರವರ ಭಾಷೆಯ ಪಾಠ ನಡೆಯುತ್ತದೆ, ಜೊತೆಗೆ ಕನ್ನಡವನ್ನೂ ಕಲಿಸುತ್ತಾರೆ. ಪಟ್ಟದ್ದೇವರು ಕದ್ದುಮುಚ್ಚಿ ಮಾಡಬೇಕಾಗಿದ್ದದ್ದನ್ನು ಇಂದಿನ ಮಗು ರಾಜಾರೋಷವಾಗಿ ಪಡೆಯಬಲ್ಲದು. ಭಾಲ್ಕಿಯ ಕತೆಯನ್ನು ಕೇವಲ ಕನ್ನಡದ ಗೆಲುವಿನ ಕತೆಯಾಗಿ ಹೇಳಿದರೆ ಇದು ಕಾಣುವುದಿಲ್ಲ. ಮಗುವಿನ ಕತೆಯಾಗಿ ಹೇಳಿದರೆ ಕಾಣುತ್ತದೆ.

ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಈಗ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿದೆ. ಉರ್ದು ಬೋರ್ಡಿನ ಹಿಂದೆ ಕನ್ನಡ ಕಲಿಸಿದವರ ಹೆಸರು ಕನ್ನಡದ ದೊಡ್ಡ ಬೋರ್ಡಾಗಿ ರಸ್ತೆಗೆ ಮುಖ ಮಾಡಿ ನಿಂತಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಜೊತೆಗೆ, ಪಟ್ಟದ್ದೇವರೇ ಬಂದಿದ್ದರೆ ಆ ಬೋರ್ಡನ್ನು ಓದುತ್ತಾ ನಿಲ್ಲುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. ಹತ್ತಿರದ ಶಾಲೆ ಯಾವುದೆಂದು ಕೇಳಿ ನೇರ ಒಳಗೆ ಹೋಗಿ, ಕರಿಹಲಗೆಯ ಮೇಲೆ ಇವತ್ತು ಏನು ಬರೆದಿದ್ದಾರೆ, ಮಕ್ಕಳು ಉಂಡಿದ್ದಾರೆಯೇ ಎಂದು ನೋಡುತ್ತಿದ್ದರು.